ಹಸಿರು ಮುಚ್ಚಳದ ಮಿಗ್

ಅಪ್ಪ ವಾಯುಸೇನೆಯಲ್ಲಿದ್ದರು ಅಂದರೆ ಎಲ್ಲರೂ ಪೈಲಟ್ಟಾ ಎಂದೇ ಕೇಳುತ್ತಾರೆ. ಅಲ್ಲ. ಹಾರಿ ಬಂದ ವಿಮಾನಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುತ್ತಿದ್ದ ಮೆಕ್ಯಾನಿಕ್. ವಿಜಯಪುರದಿಂದ ಹೋಗಿ ಸೇರಿದವರು, ನಿವೃತ್ತಿಯಾದ ಮೇಲೆ ಡೊಂಬಿವಲಿಗೆ ಬಂದರು. ಅಪ್ಪ ಬಿಚ್ಚಿ ಜೋಡಿಸುತ್ತಿದ್ದ ಮಿಗ್-21 ಯುದ್ಧವಿಮಾನಗಳನ್ನು ಸೇವೆಯಿಂದ ತೆಗೆದರೆಂದು ಟಿವಿಯಲ್ಲಿ ಹೇಳಿದ ದಿನ ಅವರು ಊಟದ ತಾಟು ಸರಿಸಿ ಎದ್ದರು.

ಮರುವಾರ ನಾನು ಠಾಣೆಯ ಅಂಗಡಿಯಿಂದ ಮಿಗ್‌ನ ಮಾಡೆಲ್ ಕಿಟ್ ತಂದೆ. ಜೋಡಿಸಿದರೆ ಗೇಣುದ್ದ. ಐವತ್ತು ದಾಟಿದ ಹೆಂಗಸು ಆಟಿಕೆಗೆ ಅಂಟು ಹಚ್ಚುತ್ತ ಕೂತಿದ್ದು ಕಂಡು ಪಕ್ಕದ ಮನೆಯಾಕೆ ನಕ್ಕಳು. ನಗಲಿ ಅಂತ ಬಾಗಿಲು ತೆರೆದಿಟ್ಟೇ ಕೆಲಸ ಮಾಡಿದೆ.

ಅಪ್ಪನಿಗೆ ಕಣ್ಣು ಮಂಜು. ಹೆಬ್ಬೆರಳಿನಿಂದ ರೆಕ್ಕೆ ಸವರಿ, "ಇಲ್ಲಿನ್ನೂ ಗೀರು ಐತಿ, ತಿಕ್ಕು" ಎನ್ನುತ್ತಿದ್ದರು. ಉಗುರು ತಿಕ್ಕುವ ಫೈಲಿನಿಂದ ತಿಕ್ಕುತ್ತಿದ್ದೆ. ಬೆಳ್ಳಿ ಬಣ್ಣ ಮೂರು ಕೋಟ್ ಒಣಗಿದ ಮೇಲೆ ಅಂದರು:

"ಬೆನ್ನಮ್ಯಾಲಿನ ಒಂದು ಮುಚ್ಚಳ ಹಸರು ಬಳಿ. ನಮ್ಮ ವಿಮಾನದಾಗ ಅದು ಬ್ಯಾರೆ ವಿಮಾನದಿಂದ ತಂದದ್ದು. ಬೆಳಿಗ್ಗೆ ಹಾರಬೇಕಿತ್ತು, ಬಣ್ಣ ಬಳಿಯಾಕ ಟೈಮ್ ಎಲ್ಲಿ? ಹಂಗ ಕೂರಿಸಿದೆ. ಹಾರಿತು."

ಬಳಿದೆ.

ವಾಶಿಯಲ್ಲಿ ಮಾಡೆಲ್‌ಗಳ ಪ್ರದರ್ಶನವಿತ್ತು, ಸ್ಪರ್ಧೆಯೂ ಇತ್ತು. ಮಿಠಾಯಿ ಡಬ್ಬಿಯಲ್ಲಿ ಹತ್ತಿ ಹಾಸಿ, ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಮುಂಬ್ರಾ ಬರುವಷ್ಟರಲ್ಲಿ ನಾಲ್ಕು ಜನ ಇಣುಕಿದ್ದರು. ಮಗನ ಪ್ರಾಜೆಕ್ಟಾ ಎಂದು ಒಬ್ಬಾಕೆ ಮರಾಠಿಯಲ್ಲಿ ಕೇಳಿದಳು. "ನಾಹೀ, ಮಾಝಂ" ಅಂದೆ. ನನ್ನದು.

ತೀರ್ಪುಗಾರ ಸಜ್ಜನನೇ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. "ಕೆಲಸ ಚೊಕ್ಕ ಇದೆ ತಾಯಿ. ಆದರೆ ಈ ಹಸಿರು ತಪ್ಪು. ಯಾವ ಪುಸ್ತಕದಲ್ಲೂ ಇಲ್ಲ. ಫೋಟೋ ಇದೆಯಾ?"

"ಆಗ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ. ಆ ಮುಚ್ಚಳಕ್ಕೆ ಸ್ಕ್ರೂ ಬಿಗಿದವರು ಮನೆಯಲ್ಲಿ ಚಹಾ ಕುಡಿಯುತ್ತಿದ್ದಾರೆ, ಫೋನ್ ಹಚ್ಚಲಾ?"

ಅವನು ನಕ್ಕು, ಬೆಳ್ಳಿ ಬಣ್ಣದ ಸಣ್ಣ ಶೀಶೆ ನನ್ನ ಕಡೆ ಸರಿಸಿದ. ಮಧ್ಯಾಹ್ನದವರೆಗೆ ಟೈಮ್ ಇದೆ, ಅದೊಂದನ್ನು ಮುಚ್ಚಿಬಿಡಿ, ಎರಡನೇ ಬಹುಮಾನ ಖಂಡಿತ ಎಂದ. ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳಲಾರೆ. ಆಮೇಲೆ ಕಿವಿ ಬಿಸಿಯಾಯಿತು. ಒಬ್ಬ ಮನುಷ್ಯ ಕೈಯಾರೆ ಮಾಡಿದ ಕೆಲಸವನ್ನು ಪುಸ್ತಕದಲ್ಲಿಲ್ಲವೆಂದು ಅವನ ಮಗಳೇ ಅಳಿಸಬೇಕೇ? ಶೀಶೆ ವಾಪಸ್ ಸರಿಸಿದೆ. ಮಾಡೆಲಿನ ಮುಂದಿನ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ: "ಹಸಿರು ಮುಚ್ಚಳ ಸರಿಯಾಗಿಯೇ ಇದೆ. ಕೂರಿಸಿದವರ ಮಗಳು."

ಬಹುಮಾನ ಬರಲಿಲ್ಲ. ಸಂಜೆಯವರೆಗೆ ಕದಲದೆ ಅಲ್ಲೇ ನಿಂತು, ಕೇಳಿದವರಿಗೆಲ್ಲ ಕಥೆ ಹೇಳಿದೆ.

ಮನೆಗೆ ಬಂದಾಗ ಅಪ್ಪ ಕೇಳಿದರು, "ಏನಂದ್ರು?"

"ತಪ್ಪಂದ್ರು."

ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ವಿಮಾನ ಕೈಗೆ ತಗೊಂಡು ಮೂತಿಯ ಕೆಳಗೆ ಬೆರಳಾಡಿಸಿದರು. "ತಡಿ, ಇಲ್ಲೂ ಒಂದು ತ್ಯಾಪಿ ಇತ್ತು. ಹೇಳೂದ ಮರತಿದ್ದೆ."

"ಯಾವ ಬಣ್ಣ?"

"ಕಂದು."

ಬ್ರಷ್ ಹುಡುಕಿದೆ.