ಸುಧಾಳ ಬೈಕು, ಅವಳ ಮಣಿಕಟ್ಟು

ನನ್ನ ಮೊಮ್ಮಗಳು ಬೈಕ್ ಓಡಿಸುತ್ತಾಳೆ. ಸ್ಕೂಟಿಯಲ್ಲ, ಬೈಕು. ಅದರಲ್ಲೂ ಮೂತಿ ಮುಂದಕ್ಕೆ ಚಾಚಿಕೊಂಡು, ಬಾಲ ಮೇಲೆತ್ತಿಕೊಂಡು ನಿಲ್ಲುವ ರೇಸ್ ಬೈಕು. ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ತರಕಾರಿಯವನಿಗೆ ಎರಡು ಸಲ ಹೇಳಿದೆನಂತೆ. ಈಗ ನಿಮಗೂ ಹೇಳಿಬಿಟ್ಟೆ, ಮನಸ್ಸು ಹಗುರವಾಯಿತು.

ಮಂಡಿ ಮೊಹಲ್ಲಾದ ನಮ್ಮ ಗಲ್ಲಿಗೆ ಅದು ಮೊದಲ ದಿನ ಬಂದಾಗ ಎದುರುಮನೆ ರತ್ನಮ್ಮ, "ಏನ್ರೀ, ನಿಮ್ ಸುಧಾ ಬೈಕ್ ಓಡಿಸ್ತಾಳೋ, ಬೈಕ್ ಮೇಲೆ ಮಲಗ್ತಾಳೋ?" ಅಂದಳು. ಅವಳ ಮಾತೇನೂ ಸುಳ್ಳಲ್ಲ. ಆ ಗಾಡಿಯ ಹ್ಯಾಂಡಲ್ಲು ಎಷ್ಟು ತಗ್ಗಿನಲ್ಲಿದೆ ಎಂದರೆ ಓಡಿಸುವವರು ಬೋರಲು ಬಿದ್ದಂತೆ ಬಗ್ಗಬೇಕು. ಮೈಯ ಭಾರವೆಲ್ಲ ಎರಡು ಮಣಿಕಟ್ಟಿನ ಮೇಲೆ.

ಸುಧಾ ಹೆಬ್ಬಾಳದ ಕಾರ್ಖಾನೆಯಲ್ಲಿ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತುವ ಕೆಲಸ ಮಾಡುತ್ತಾಳೆ. ಬೈಕು ಬಂದು ತಿಂಗಳಾಗುವುದರಲ್ಲಿ ಅವಳ ಎರಡೂ ಮಣಿಕಟ್ಟುಗಳು ಊದಿಕೊಂಡವು. ಕಾಫಿ ಲೋಟವನ್ನು ಎರಡು ಕೈಯಲ್ಲಿ ಎತ್ತುವುದನ್ನು ನನ್ನ ಮಗ ಶಿವಣ್ಣ ಒಂದು ಬುಧವಾರ ನೋಡಿಬಿಟ್ಟ.

"ಅವ್ವಾ, ಇವಳ ಕೈಯೇ ಇವಳ ಕೆಲಸ. ಕೈಯೇ ಕೆಟ್ರೆ ಗಾಡಿ ಇಟ್ಕೊಂಡು ಪೂಜೆ ಮಾಡ್ತಾಳಾ? ಗಿರಾಕಿ ನೋಡಿದ್ದೀನಿ. ಭಾನುವಾರ ಬರ್ತಾನೆ, ಕೊಟ್ಬುಡೋಣ."

ಅವನು ಕೆಟ್ಟ ಅಪ್ಪನಲ್ಲ, ಹೆದರಿದ ಅಪ್ಪ. ಆದರೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿಯಾದರೂ ಜಗಳಕ್ಕೆ ನಿಲ್ಲುವ ಹುಡುಗಿ ಅವತ್ತು ಲೋಟ ಕೆಳಗಿಟ್ಟು ಎದ್ದಳು. ಹೊರಗೆ ಹೋಗಿ ಬೈಕನ್ನು ಬಟ್ಟೆಯಿಂದ ಒರೆಸುತ್ತಾ ನಿಂತಳು. ಅದನ್ನು ನನಗೆ ನೋಡಲಾಗಲಿಲ್ಲ.

ಮಣಿಕಟ್ಟಿನ ವಿಷಯದಲ್ಲಿ ನಾವೆಲ್ಲ ಎಂಥ ಅನ್ಯಾಯ ಮಾಡುತ್ತೇವೆ ನೋಡಿ. ಬಳೆ ಅಲ್ಲಿಗೇ, ವಾಚು ಅಲ್ಲಿಗೇ, ಮದುವೆಯ ಕಂಕಣ ಅಲ್ಲಿಗೇ. ವೈದ್ಯರು ನಾಡಿ ಹಿಡಿಯುವುದೂ ಅಲ್ಲೇ. ಇಷ್ಟೆಲ್ಲ ಮರ್ಯಾದೆ ಮಾಡಿ, ಆಮೇಲೆ ಅದರ ಕೈಲಿ ಬಟ್ಟೆ ಹಿಂಡಿಸುತ್ತೇವೆ, ಮುದ್ದೆ ತಿರುವಿಸುತ್ತೇವೆ, ನೋಯುವವರೆಗೆ ಅದೊಂದು ಇದೆ ಅಂತಲೇ ನೆನಪಿರುವುದಿಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ನಲವತ್ತು ವರ್ಷ ಊದುಬತ್ತಿ ಹೊಸೆದಿದ್ದೇನೆ. ಮಣಿಕಟ್ಟಿನ ಪಾಠ ನನಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಧೈರ್ಯದಲ್ಲೇ ಮೊದಲು ತಪ್ಪು ಮಾಡಿದೆ. ಸುಧಾ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುವುದರಿಂದ ನೋವು ಬರುತ್ತಿದೆ, ಕೈ ತಾನಾಗಿಯೇ ಅಂಟಿಕೊಂಡರೆ ಬಿಗಿ ಹಿಡಿಯುವುದೇ ಬೇಡವಲ್ಲ ಅಂದುಕೊಂಡೆ. ಊದುಬತ್ತಿಯ ಮಸಾಲೆ ಕಡ್ಡಿಗೆ ಕಚ್ಚಿಕೊಳ್ಳಲಿ ಅಂತ ನಾವು ಅದಕ್ಕೆ ಜಿಗಟು ಪುಡಿ ಬೆರೆಸುತ್ತೇವೆ. ಗುರುವಾರ ಬೆಳಿಗ್ಗೆ ಆ ಮಸಾಲೆಯನ್ನೇ ಒಂದು ಹಿಡಿ ತಂದು ಎರಡೂ ಹಿಡಿಕೆಗೆ ಸವರಿದೆ. ಹುಡುಗಿಯ ಕೈ ಬೆವರಿತು, ಮಸಾಲೆ ಕಲಸಿಕೊಂಡಿತು. ಹೆಬ್ಬಾಳ ಮುಟ್ಟುವ ಹೊತ್ತಿಗೆ ಅವಳ ಹತ್ತು ಬೆರಳೂ ಹತ್ತು ಊದುಬತ್ತಿ. ಗೇಟಿನ ವಾಚ್‌ಮನ್ನು ಮೂಗರಳಿಸಿ, "ಏನಮ್ಮಾ, ಪೂಜೆ ಮುಗಿಸ್ಕೊಂಡ್ ಬಂದ್ರಾ?" ಅಂದನಂತೆ. ಸಂಜೆ ಬಂದವಳು, "ಅಜ್ಜೀ, ನೀನು ಸುಮ್ನಿರು ಕಣಜ್ಜಿ" ಅಂದಳು. ಆದರೂ ನಗುತ್ತಿದ್ದಳು. ಅವಳು ನಕ್ಕ ಮೇಲೆ ನಾನು ಸುಮ್ಮನಿರುವುದುಂಟೆ?

ಶುಕ್ರವಾರ ಬೈಕನ್ನು ತಳ್ಳಿಸಿಕೊಂಡು ಮೆಕ್ಯಾನಿಕ್ ನವೀದನ ಅಂಗಡಿಗೆ ಹೋದೆವು. ಅವನು ಹಿಡಿಕೆ ಮುಟ್ಟಿ ನೋಡಿ, "ಅಜ್ಜೀ, ಗಾಡಿನೂ ಊದುಬತ್ತಿ ಮಾಡಿ ಮಾರೋ ಪ್ಲಾನಾ?" ಅಂದ. ನಾನು ಕೇಳಿಸದ ಹಾಗಿದ್ದೆ. ಸುಧಾಳನ್ನು ಬೈಕಿನ ಮೇಲೆ ಕೂರಿಸಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಕೂತಲ್ಲೇ ಕಂಡಿತು. ಹೊಸದಾಗಿ ಊದುಬತ್ತಿ ಹೊಸೆಯಲು ಬಂದ ಹುಡುಗಿಯರ ಕೈ ಹೇಗೆ ಮಣಿಕಟ್ಟಿನಲ್ಲಿ ಮೇಲಕ್ಕೆ ಮಡಚಿಕೊಂಡಿರುತ್ತದೋ ಹಾಗೇ ಅವಳ ಕೈ ಮಡಚಿಕೊಂಡಿತ್ತು. ತೋಳು ಕೆಳಗಿಳಿದಿದೆ, ಕ್ಲಚ್ ಲಿವರ್ ಮೇಲೆ ನೋಡುತ್ತಿದೆ, ಅದನ್ನು ಮುಟ್ಟಲು ಬೆರಳು ಮೇಲೇರಬೇಕು.

"ಲಿವರ್ ಕೆಳಕ್ಕೆ ತಿರುಗಿಸಪ್ಪ," ಅಂದೆ. "ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು."

ನವೀದ್ ತಮಾಷೆ ಬಿಟ್ಟು ಪಾನಾ ಎತ್ತಿಕೊಂಡ. ಎರಡೂ ಲಿವರ್ ತಿರುಗಿಸಿದ, ಹ್ಯಾಂಡಲ್ಲಿನ ಕೆಳಗೆ ಬೆರಳು ದಪ್ಪದ ಕಬ್ಬಿಣದ ತುಂಡು ಕೊಟ್ಟು ಎತ್ತರಿಸಿದ. ಇನ್ನೂ ಒಂದು ಬೆರಳು ಏರಿಸು ಅಂತ ನಾನು ಆಸೆಪಟ್ಟೆ. "ಬೇಡ ಅಜ್ಜೀ, ಆಕ್ಸಿಲರೇಟರ್ ವೈರು ಬಿಗಿಯಾಗಿ ತಿರುವಿನಲ್ಲಿ ಗಾಡಿ ತಾನೇ ರೇಸ್ ಆಗ್ತದೆ" ಅಂದ. ಅದು ಅವನ ವಿದ್ಯೆ, ಒಪ್ಪಿಕೊಂಡೆ. ಉಳಿದದ್ದು ನನ್ನದು. ಊದುಬತ್ತಿ ಹೊಸೆಯುವಾಗ ಬಲ ಸೊಂಟದಿಂದ, ಹೆಗಲಿನಿಂದ ಬರಬೇಕು, ಮಣಿಕಟ್ಟು ಸಡಿಲವಾಗಿರಬೇಕು. ಅದನ್ನೇ ಹೇಳಿಕೊಟ್ಟೆ: "ಮಂಡಿಯಲ್ಲಿ ಟ್ಯಾಂಕ್ ತಬ್ಬಿಕೋ, ಹೊಟ್ಟೆ ಬಿಗಿ ಮಾಡು, ಕೈ ಸುಮ್ನೆ ಇಟ್ಟಿರು." ಶನಿವಾರವಿಡೀ ಅವಳು ಗಲ್ಲಿಯಲ್ಲಿ ಅದನ್ನೇ ಅಭ್ಯಾಸ ಮಾಡಿದಳು.

ಭಾನುವಾರ ಗಿರಾಕಿ ಬಂದು ಜಗಲಿಯಲ್ಲಿ ಕೂತ. ಶಿವಣ್ಣನನ್ನು ನಾನು ಒಳಗೆ ಕರೆದು, ಒಂದು ಸಲ ಪರೀಕ್ಷೆ ಮಾಡಿ ಆಮೇಲೆ ಕೊಡು ಅಂದೆ. ಅವನು ಕಠಿಣವಾದದ್ದನ್ನೇ ಇಟ್ಟ. ಬಕೆಟ್ಟಿನಲ್ಲಿ ಜಮಖಾನ ನೆನೆಹಾಕಿ, "ನಂಜನಗೂಡಿಗೆ ಹೋಗಿ ಬಾ. ಬಂದು ಇದನ್ನ ಹಿಂಡು. ಮುಖ ಕಿವುಚಿದ್ಯೋ, ಕೀ ಅವರಿಗೆ" ಅಂದ.

ಹೋದಳು. ಗಿರಾಕಿ ಎರಡು ಕಾಫಿ ಕುಡಿದ. ನಾನು ಎಂಟು ಸಲ ಬಾಗಿಲಿಗೆ ಬಂದೆ. ಕೊನೆಗೆ ಗಲ್ಲಿಯ ತುದಿಯಲ್ಲಿ ಸದ್ದಾಯಿತು. ಸುಧಾ ಇಳಿದಳು, ಹೆಲ್ಮೆಟ್ಟು ನನ್ನ ಕೈಗೆ ಕೊಟ್ಟಳು, ಬಕೆಟ್ಟಿಗೆ ಕೈಹಾಕಿದಳು. ಅಪ್ಪನ ಮುಖ ನೋಡಿಕೊಂಡೇ ಆ ಜಮಖಾನವನ್ನು ಹಿಂಡಿದಳು ನೋಡಿ, ನೀರು ಧಾರೆಯಾಗಿ ಗಿರಾಕಿಯ ಶೂಗಳವರೆಗೆ ಹರಿಯಿತು. ಶಿವಣ್ಣ ಅವಳ ಮಣಿಕಟ್ಟು ಹಿಡಿದು ಹಿಂದೆ ಮುಂದೆ ತಿರುಗಿಸಿದ, ಒತ್ತಿದ. ಆಮೇಲೆ ಗಿರಾಕಿಯ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಸ್ವಾಮಿ, ಗಾಡಿ ಕೊಡಲ್ಲ" ಅಂದ.

ನನಗೆ ಕುಣಿಯಬೇಕೆನಿಸಿತು. ಸುಧಾ ಅದಕ್ಕಿಂತ ದೊಡ್ಡದನ್ನೇ ಕೊಟ್ಟಳು. "ಅಜ್ಜೀ, ಹತ್ತು. ಬನ್ನಿಮಂಟಪದವರೆಗೆ ಹೋಗ್ಬರೋಣ."

ಶಿವಣ್ಣ ನನ್ನನ್ನು ಎತ್ತಿ ಕೂರಿಸಿದ. ಹಿಂದಿನ ಸೀಟು ನಮ್ಮ ಅಡುಗೆಮನೆಯ ಅಟ್ಟದಷ್ಟು ಎತ್ತರ. ಸೀರೆಯಲ್ಲಿ ಒಂದು ಕಡೆಗೆ ಕೂತು, ಹೆದರಿಕೆಗೆ ಹುಡುಗಿಯನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಮೊದಲನೇ ಬ್ರೇಕಿಗೇ ನನ್ನ ಭಾರವೆಲ್ಲ ಅವಳ ಬೆನ್ನಿಗೆ ಬಿತ್ತು. ಅಲ್ಲಿಂದ ಅದು ಅವಳ ತೋಳಿಗಿಳಿದು ಮಣಿಕಟ್ಟಿಗೆ ಮುಟ್ಟಿದ್ದು ನನಗೇ ಗೊತ್ತಾಯಿತು. ನಾಚಿಕೆಯಾಯಿತು ನನಗೆ. ಹಿಂದಿನ ಹಿಡಿಯನ್ನು ಒಂದು ಕೈಯಲ್ಲಿ ಭದ್ರ ಮಾಡಿಕೊಂಡೆ, ಹೊಟ್ಟೆ ಬಿಗಿಹಿಡಿದು ನನ್ನ ಭಾರ ನಾನೇ ಹೊತ್ತು ನೆಟ್ಟಗೆ ಕೂತೆ. ಮುಂದೆ ಅವಳ ತೋಳು ಸಡಿಲವಾಯಿತು, ಗಾಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು.

ಹಾಗಂತ ಅವಳನ್ನು ಪೂರ್ತಿ ಬಿಟ್ಟೆ ಅಂದುಕೊಳ್ಳಬೇಡಿ. ಇನ್ನೊಂದು ಕೈಯ ಎರಡು ಬೆರಳಲ್ಲಿ ಅವಳ ಅಂಗಿಯ ಚುಂಗು ಹಿಡಿದಿದ್ದೆ. ಬನ್ನಿಮಂಟಪಕ್ಕೆ ಹೋಗಿ ಬರಲು ಅಷ್ಟು ಸಾಕಾಯಿತು.