ಲಾರಿ ಅಡಿಯ ಕಲ್ಲು

ಮೇಸ್ತ್ರಿಯ ಹೆಬ್ಬೆರಳು ಹಿಡಿದು ಅವರದೇ ಫೋನಿಗೆ ಒತ್ತಿದೆ. ತೆರೆಯಲಿಲ್ಲ. ಒರೆಸಿ ಮತ್ತೆ ಒತ್ತಿದೆ. ತೆರೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಟೈರು ಬಿಚ್ಚಿ ಬಿಚ್ಚಿ ಆ ಬೆರಳಿನ ಗೆರೆಯೆಲ್ಲ ಸವೆದು ಹಳೇ ಟ್ಯೂಬಿನ ಹಾಗೆ ನುಣ್ಣಗಾಗಿತ್ತು. ಅವರು ಯಾವಾಗಲೂ ನಂಬರು ಒತ್ತಿಯೇ ಫೋನು ತೆರೆಯುತ್ತಿದ್ದರು. ಆ ನಂಬರು ಅವರ ತಲೆಯಲ್ಲಿ ಮಾತ್ರ ಇತ್ತು. ಈಗ ಲಕ್ವಾ ಹೊಡೆದು, ಬಲಭಾಗ ಬಿದ್ದು, ಮಾತು ನಿಂತು ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದ್ದರು.

ಬೆಂಗಳೂರಿಗೆ ಒಯ್ಯಿರಿ, ತಡ ಮಾಡಬೇಡಿ ಅಂದಿದ್ದರು ಡಾಕ್ಟರು. ಅದಕ್ಕೆ ಬೇಕಾದ ದುಡ್ಡು ಆ ಫೋನಿನೊಳಗೆ, ಶೇರಿನಲ್ಲಿತ್ತು.

ಕುರುಗೋಡು ಕ್ರಾಸಿನಲ್ಲಿ ಅವರದು ಪಂಕ್ಚರ್ ಅಂಗಡಿ. ನಾನು ಸಿರುಗುಪ್ಪದ ಮಿಲ್ಲುಗಳಿಂದ ಅಕ್ಕಿ ಲಾರಿ ಓಡಿಸುವವನು. ಟೈರು ಹೋದರೆ ಅಲ್ಲಿಗೇ. ಅವರು ಜಾಕಿ ಒಂದಿಷ್ಟು ಎತ್ತುವರು, ಅಚ್ಚಿನ ಕೆಳಗೆ ಕಲ್ಲು ತಳ್ಳುವರು. ಮತ್ತೆ ಎತ್ತುವರು, ಮತ್ತೊಂದು ಕಲ್ಲು. ನನಗೆ ಸಿಟ್ಟು ಬರುತ್ತಿತ್ತು. ಬೇಗ ಮುಗಿಸ್ರಿ ಅಂದರೆ, "ಜಾಕಿ ಜಾರಿದ್ರ ನಿಮ್ಮಪ್ಪ ಬಂದು ಹಿಡೀತಾನೇನಲೇ?" ಅನ್ನುವರು.

ನನಗೆ ಶೇರು ಕಲಿಸಿದ್ದೂ ಅವರೇ, ಅದೇ ಕಲ್ಲು ತೋರಿಸಿ. ಇಷ್ಟಕ್ಕೆ ಇಳಿದರೆ ಮಾರು ಅಂತ ಫೋನಿನಲ್ಲಿ ಒಂದು ಗೆರೆ ಹಾಕಿಡಬೇಕು; ರೇಟು ಏರಿದ ಹಾಗೆ ಆ ಗೆರೆಯೂ ಹಿಂದೆ ಹಿಂದೆ ಏರಬೇಕು. ರೇಟು ಇಳಿದರೆ ಗೆರೆ ಇಳಿಯಬಾರದು, ನಿಂತಲ್ಲೇ ನಿಲ್ಲಬೇಕು. ರೇಟು ಬಂದು ಗೆರೆಗೆ ತಾಗಿದರೆ ಶೇರು ತಾನೇ ಮಾರಿಹೋಗುತ್ತದೆ. ಟ್ರೇಲಿಂಗ್ ಸ್ಟಾಪ್ ಅಂತಾರೆ. "ತಳ್ಳಿದ ಕಲ್ಲು ಹಿಂದಕ್ಕ ಎಳೀಬ್ಯಾಡ. ಅಷ್ಟ ನೋಡು, ಬ್ಯಾರೆ ಏನಿಲ್ಲ" ಅನ್ನುತ್ತಿದ್ದರು.

ಒಮ್ಮೆ ಅವರ ಶೇರು ಹಾಗೆ ಮಾರಿಹೋಗಿ, ಮರುದಿನವೇ ರೇಟು ಮತ್ತೆ ಏರಿತು. ಪಕ್ಕದ ಚಹಾದಂಗಡಿಯವನು ನಕ್ಕ. "ಮೇಸ್ತ್ರಿ, ನಿನ್ ಕಲ್ಲು ಜಲ್ದಿ ತಾಗಿತಲ್ಲೋ." ಮೇಸ್ತ್ರಿ ಚಹಾ ಕುಡಿದು ಮುಗಿಸಿಯೇ ಹೇಳಿದರು, "ಲಾರಿ ಬಿದ್ದಿಲ್ಲಲ್ಲ. ಸಾಕು ಬಿಡು."

ಆಸ್ಪತ್ರೆಯಲ್ಲಿ ಬೆರಳಿಗೆ ಫೋನು ತೆರೆಯದೇ ಹೋದಾಗ ಅದನ್ನು ಅವರ ಎಡಗೈ ಹತ್ತಿರ ಹಿಡಿದೆ. ನಂಬರು ಒತ್ತಿದರು. ತಪ್ಪು. ಮತ್ತೆ ಒತ್ತಿದರು. ಮತ್ತೆ ತಪ್ಪು. ಆಮೇಲೆ ಫೋನೇ ಕಾಯಿರಿ ಅಂತ ಬೀಗ ಹಾಕಿಕೊಂಡಿತು. ಅವರ ಹೆಂಡತಿ, "ಇನ್ನೊಂದ್ಸಲ ನೆನಪು ಮಾಡ್ಕೋರಿ" ಅಂತ ಕೇಳುತ್ತಲೇ ಇದ್ದರು.

ಅಷ್ಟರಲ್ಲಿ ಫೋನು ಗುಂಯ್ ಅಂದಿತು. ಬೀಗ ಹಾಕಿದ್ದರೂ ಮೇಲೆ ಮೆಸೇಜು ಕಂಡಿತು. ಮಾರ್ಕೆಟ್ಟು ಬಿದ್ದಿತ್ತು. ಗೆರೆಗೆ ತಾಗಿ ಶೇರೆಲ್ಲ ಮಾರಿಹೋಗಿತ್ತು, ಲಾಭದಲ್ಲೇ.

"ಮೇಸ್ತ್ರಿ, ಕಲ್ಲು ಹಿಡೀತ್ರಿ" ಅಂದೆ.

ಅವರು ಎಡಗೈಯಿಂದ ನನ್ನ ಕೈ ಅದುಮಿದರು.

ದುಡ್ಡು ಉಳಿದಿತ್ತು, ಫೋನು ತೆರೆಯದೆ ನಮ್ಮ ಕೈಗೆ ಬರಲಿಲ್ಲ. ಡ್ರೈವರುಗಳೆಲ್ಲ ಸೇರಿ ಅಷ್ಟಿಷ್ಟು ಕೂಡಿಸಿ ಆಂಬುಲೆನ್ಸ್ ಬಾಗಿಲಿಗೆ ತರುವಷ್ಟರಲ್ಲಿ ಅವರು ಹೋಗಿದ್ದರು.

ಎಷ್ಟೋ ಓಡಾಡಿದ ಮೇಲೆ ಆ ದುಡ್ಡು ಅವರ ಹೆಂಡತಿಗೆ ಬಂತು. ತಗೊಂಡು ಏನು ಮಾಡುತ್ತಾರೆ? ಕ್ರಾಸಿನ ಅಂಗಡಿ ಮುಚ್ಚಿದೆ. ಟೈರು ಹೋದರೆ ಈಗ ನಾನೇ ಬಿಚ್ಚುತ್ತೇನೆ. ಜಾಕಿ ಒಂದಿಷ್ಟು ಎತ್ತುತ್ತೇನೆ, ಕಲ್ಲು ತಳ್ಳುತ್ತೇನೆ. ಇಷ್ಟೇ. ಹೇಳುವುದು ಇನ್ನೇನೂ ಇಲ್ಲ.