ಹಗೇವಿನಲ್ಲಿ ತೊಳೆದ ಫಿಲ್ಮು

ಅಲ್ಲ, ಮೊದಲು ಚಪ್ಪಡಿ ಎಳೆದದ್ದು, ಗೋಣಿಚೀಲ ಹೊದಿಸಿದ್ದು ಆಮೇಲೆ. ಇಲ್ಲವೇ ಚೀಲಗಳನ್ನು ಹಗೇವಿನ ಬಾಯಿಗೆ ತುರುಕಿ ಅದರ ಮೇಲೆ ಚಪ್ಪಡಿ ಇಟ್ಟೆನೋ? ನೆನಪಿನಲ್ಲಿ ಎರಡೂ ಇವೆ, ಎರಡರಲ್ಲೂ ನನ್ನ ಕೈ ಇದೆ. ಹೇಳಿ ಹೇಳಿ ಈ ಸಂಗತಿಗೆ ಒಂದು ಓಟ ಬಂದುಬಿಟ್ಟಿದೆ. ಆ ಓಟವನ್ನೇ ನಾನು ನಂಬುವುದಿಲ್ಲ. ನಡೆದದ್ದು ಇಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಆದ್ದರಿಂದ ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆದುಬಿಡುತ್ತೇನೆ.

ಹುಣಸೂರಿನಲ್ಲಿ ನಮ್ಮ ತಂದೆಯದು ರಾಗಿ ಮಂಡಿ. ಹಿತ್ತಲಲ್ಲಿ ಒಂದು ಹಗೇವು ಇತ್ತು: ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿ ರಾಗಿ ತುಂಬಿಡುವ ಗುಂಡಿ, ಬಾಯಿ ಒಬ್ಬ ಆಳು ಇಳಿಯುವಷ್ಟು, ಹೊಟ್ಟೆ ನಾಲ್ಕು ಜನ ಕೂರುವಷ್ಟು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಆ ವರ್ಷ ರಾಗಿಯೆಲ್ಲ ಮಾರಿ ಹಗೇವು ಖಾಲಿಯಾಗಿತ್ತು. ನನ್ನ ಗೆಳೆಯ ಪಕ್ಕದ ಬೀದಿಯ ಗಾಡಿ ಕಟ್ಟುವ ಸಾಹೇಬರ ಮಗ. ಅಂತರಸಂತೆ ಕಡೆಯಿಂದ ಮರ ತರುವುದು, ಚಕ್ರಕ್ಕೆ ಪಟ್ಟಿ ಹೊಡೆಯುವುದು ಅವನ ಕೆಲಸ. ಉಳಿದ ಹೊತ್ತಿನಲ್ಲಿ ನನ್ನ ಡಬ್ಬಿ ಕ್ಯಾಮೆರಾದ ಹುಚ್ಚಿಗೆ ಜೊತೆಗಾರ. ಆ ಕ್ಯಾಮೆರಾ ಕೊಡಗಿನ ಕಾಫಿ ತೋಟದವರೊಬ್ಬರಿಂದ ಕೈ ಬದಲಾಗಿ ನನಗೆ ಬಂದಿತ್ತು.

ಅವನ ತಂದೆ ಹಜ್ ಯಾತ್ರೆಗೆ ಹೊರಟರು. ಹೊರಡುವ ಮುನ್ನ ಅಂಗಡಿ ಅಂಗಡಿಗೂ ಹೋಗಿ, "ಹೆಚ್ಚುಕಡಿಮೆ ಆಡಿದ್ದರೆ ಮಾಫಿ ಮಾಡಿ" ಎಂದು ಎಲ್ಲರ ಕೈ ಹಿಡಿದು ಕೇಳಿದರು. ನಮ್ಮ ಮಂಡಿಗೂ ಬಂದಿದ್ದರು. ಫೋಟೋ ಎಂದರೆ ಅವರಿಗೆ ಮನಸ್ಸಿಲ್ಲ. ಆದರೆ ಆ ಸಲ ಅವರ ಹೆಂಡತಿ, ಅಂದರೆ ನನ್ನ ಗೆಳೆಯನ ತಾಯಿ, ಒಂದೇ ಒಂದು ಬೇಕು ಎಂದು ಹಟ ಹಿಡಿದರಂತೆ. ಇಬ್ಬರೂ ಒಟ್ಟಿಗೆ ನಿಂತದ್ದು. ಸಾಹೇಬರು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಆಕೆ ಮುಸುಕಿಲ್ಲದೆ ನಿಂತ ಆ ಚಿತ್ರ ಪರಗಂಡಸಿನ ಕಣ್ಣಿಗೆ ಬೀಳಬಾರದು. ಮೈಸೂರಿನ ಸ್ಟುಡಿಯೋದವನ ಕಣ್ಣಿಗೂ, ನನ್ನ ಕಣ್ಣಿಗೂ.

ಹಾಗಾಗಿ ಒಳ ಅಂಗಳದಲ್ಲಿ ಕ್ಯಾಮೆರಾ ಹಿಡಿದದ್ದು ನನ್ನ ಗೆಳೆಯ. ನಾನು ಗೋಡೆಯಾಚೆ ನಿಂತು, "ಉಸಿರು ಹಿಡಿ, ಡಬ್ಬಿ ಹೊಟ್ಟೆಗೆ ಒತ್ತಿಕೋ, ಈಗ" ಎಂದು ಕೂಗುತ್ತಿದ್ದೆ. ಮರುದಿನ ಸಾಹೇಬರು ಮೈಸೂರಿಗೆ ಹೋಗಿ ಬೊಂಬಾಯಿಯ ರೈಲು ಹತ್ತಿದರು. ಅವರು ಹಿಂದಿರುಗಲಿಲ್ಲ. ಅದು ಆಗ ನಮಗೆ ಗೊತ್ತಿರಲಿಲ್ಲ. ಆದರೂ ಆ ಫಿಲ್ಮಿನ ಸುರುಳಿಯನ್ನು ಗೆಳೆಯ ಸೊಂಟದ ಬಟ್ಟೆಯಲ್ಲಿ ಕಟ್ಟಿಕೊಂಡೇ ತಿರುಗುತ್ತಿದ್ದ.

ಅದನ್ನು ತೊಳೆಯುವವನೂ, ಎಂದರೆ ಔಷಧಿಯಲ್ಲಿ ಅದ್ದಿ ಚಿತ್ರ ಮೂಡಿಸುವವನೂ, ಅವನೇ ಆಗಬೇಕು. ಅವನು ಒಂದು ಫಿಲ್ಮೂ ತೊಳೆದವನಲ್ಲ. ನಾನು ತೊಳೆದವನು, ಕೆಡಿಸಿದವನು. ಅದರ ಹಿಂದಿನ ವಾರ ಅಟ್ಟದ ಮೇಲೆ, ಹೆಂಚಿನ ಕೆಳಗೆ, ಲಕ್ಷ್ಮಣತೀರ್ಥದಲ್ಲಿ ಮಲಗಿದ ಎಮ್ಮೆಗಳ ಫಿಲ್ಮನ್ನು ಔಷಧಿಗೆ ಹಾಕಿದ್ದೆ. ಸೆಕೆಗೆ ಔಷಧಿ ಬೆಚ್ಚಗಾಗಿ, ಚಿತ್ರದ ಪದರ ಹಾಲಿನ ಕೆನೆಯ ಹಾಗೆ ಜಾರಿ ಬೋಗುಣಿಗೆ ಬಿತ್ತು. ಎಮ್ಮೆಗಳು ನನ್ನ ಬೆರಳಿಗೆ ಅಂಟಿಕೊಂಡವು.

ಮಂಡಿಯ ಮೂಟೆಗಳ ಮೇಲೆ ಕೂತು ಯಾವ ಔಷಧಿ ಎಂದು ಜಗಳವಾಡಿದ್ದು ಚೆನ್ನಾಗಿ ನೆನಪಿದೆ. ಅಥವಾ ಜಗಳದ ಉದ್ದ ನೆನಪಿದೆ, ಮಾತುಗಳನ್ನು ನಾನೀಗ ತುಂಬಿಸುತ್ತಿದ್ದೇನೆ. ನನ್ನ ಹತ್ತಿರ ಮೂರು ಬಗೆಯ ಔಷಧಿಗಳಿದ್ದವು.

"ಪೈರೊ ಬೇಡ ಕಣ್ಲಾ," ಅಂದ. "ನಿನ್ನ ಉಗುರು ನೋಡ್ಕೊ, ಹೆಣ ಸುಟ್ಟು ಬಂದೋನಂಗೆ ಕರ್ರಗವೆ."

"ಮೆಟಾಲ್ ಜೊತೆ ಹೈಡ್ರೋಕ್ವಿನೋನು, ಸೋಡಾ. ಬೇಗ ಆಯ್ತದೆ. ಆದ್ರೆ ಅದು ಒರಟು. ನಿಮ್ಮಪ್ಪ ಬಿಳೀ ಅಂಗಿ, ಬಿಳೀ ರುಮಾಲು, ಬಿಳೀ ಗಡ್ಡ, ಹಿಂದೆ ಸುಣ್ಣದ ಗೋಡೆ. ಎಲ್ಲಾ ಒಂದೇ ಬಿಳೀ ತೇಪೆ ಆಗೋಯ್ತದೆ."

"ಮುಖ?"

"ಮುಖ ಮಸಿ."

"ಇನ್ನೊಂದು ಯಾವ್ದು?"

"ಮೆಟಾಲಿಗೆ ಸೋಡಾ ಬದ್ಲು ಬಿಳಿಗಾರ. ಅಕ್ಕಸಾಲಿ ಹಾಕ್ತಾನಲ್ಲ, ಅದೇ. ಮೆತ್ತಗೆ ಕೆಲ್ಸ ಮಾಡ್ತದೆ. ಗಡ್ಡದ ಕೂದ್ಲು, ಕೆನ್ನೆ ಎಲ್ಲಾ ಬಿಡಿಬಿಡಿಯಾಗಿ ಬತ್ತದೆ. ಆದ್ರೆ ನಿಧಾನ."

"ಏಟು ನಿಧಾನ?"

"ನಿಮ್ಮ ಗಾಡಿ ಕೆಲಸದಂಗೆ."

"ಅಂಗಾದ್ರೆ ಗಿರಾಕಿ ಬಂದು ಬೈಯೋಗಂಟ ಆಗಕ್ಕಿಲ್ಲ ಬುಡು," ಎಂದು ನಕ್ಕ. ನಕ್ಕವನು ತಟ್ಟನೆ ನನ್ನ ತೋಳು ಹಿಡಿದ. "ಲೇ ಪಂಡಿತ, ನಿನ್ನ ಆಟಕ್ಕೆ ಹೇಳ್ಬೇಡ. ಇದೊಂದೇ ಐತೆ. ಮುಖ ಬರೋದು ಯಾವ್ದ್ರಲ್ಲಿ, ಅದ ಹೇಳು."

ಬಿಳಿಗಾರ ಎಂದೆ. ಆ ಮಾತನ್ನು ಈಗಲೂ ತಪ್ಪೆನ್ನುವುದಿಲ್ಲ. ಹೊಸದಾಗಿ ಫಿಲ್ಮು ತೊಳೆಯಲು ಹೊರಟವರು ಯಾರು ಕೇಳಿದರೂ ನಾನು ಮೆತ್ತನೆಯ ಔಷಧಿಯನ್ನೇ ಹೇಳುತ್ತೇನೆ. ಅದು ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ಆದರೆ ಆ ಸಮಯವನ್ನು ಎಲ್ಲಿ ಕಳೆಯುತ್ತೀರಿ ಎಂಬುದನ್ನು ನನ್ನ ಇಂಗ್ಲಿಷ್ ಪುಸ್ತಿಕೆ ಕೇಳಿರಲಿಲ್ಲ.

ಸೆಕೆ ತಪ್ಪಿಸಲು ಹಗೇವು ಎಂಬುದು ನನ್ನ ಬುದ್ಧಿ. ರಾತ್ರಿ ಮನೆಯಲ್ಲೇ ಮಾಡೋಣ ಎಂದು ಅವನು ಹೇಳಿದ್ದ. ನಮ್ಮ ಮನೆಗಳು ರಾತ್ರಿಯೂ ಕುಲುಮೆ. ಹಗೇವಿನೊಳಗೆ ಬೇಸಿಗೆ ಗೊತ್ತಾಗುವುದಿಲ್ಲ, ಬೆಳಕಂತೂ ಇಲ್ಲವೇ ಇಲ್ಲ. ಹಗೇವಿಗೆ ಇಳಿಯುವ ಕ್ರಮ ರಾಗಿ ಮಂಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಳಿನ ಕಾವಿಗೆ ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ತಿಳಿಯದೆ ಇಳಿದವರು ಹೆಣವಾಗಿ ಮೇಲೆ ಬಂದದ್ದುಂಟು. ಅದಕ್ಕೆ ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಮೇಲಿನವನು ಕೂಗುತ್ತಿರಬೇಕು, ಕೆಳಗಿನವನು ಓಗೊಡುತ್ತಿರಬೇಕು.

ಎಲ್ಲವನ್ನೂ ಮಾಡಿದೆವು. ಬಾಯಿ ತೆಗೆದಿಟ್ಟೆವು. ದೀಪ ಇಳಿಸಿದೆವು, ಚೆನ್ನಾಗಿ ಉರಿಯಿತು. ಮಂಡಿಯವರೆಲ್ಲ ರಾವಂದೂರಿನ ಕಡೆ ರಾಗಿ ಕೊಳ್ಳಲು ಹೋಗಿದ್ದ ಮಧ್ಯಾಹ್ನ ಅವನು ಸೊಂಟಕ್ಕೆ ಹಗ್ಗ ಕಟ್ಟಿ, ಗೋಡೆಯ ಕಾಲುಗೂಡುಗಳಲ್ಲಿ ಕಾಲಿಟ್ಟು ಇಳಿದ. ಮೂರು ಪಿಂಗಾಣಿ ಬೋಗುಣಿಗಳನ್ನು ಒಂದೊಂದಾಗಿ ಇಳಿಬಿಟ್ಟೆ: ಔಷಧಿ, ನೀರು, ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಕಾಯುವ ಹೈಪೊ. ಕೊನೆಗೆ ಕೆಂಪು ಗಾಜಿನ ಲಾಂದ್ರ. ಆ ಕಾಲದ ಫಿಲ್ಮು ಕೆಂಪು ಬೆಳಕಿಗೆ ಕುರುಡು, ಹಾಗಾಗಿ ಅದರ ಮುಂದೆ ಕೆಲಸ ಮಾಡಬಹುದಿತ್ತು. ಆಮೇಲೆ ಬಾಯಿ ಮುಚ್ಚಿದೆ. ಹಗ್ಗ ಹೊರಬರುವಷ್ಟು ಸಂದಿಗೂ ಚಿಂದಿ ತುರುಕಿದೆ.

"ಸುರುಳಿಯ ಎರಡು ತುದಿ ಹಿಡ್ಕೊ. ಬೋಗುಣಿಲಿ ತೂಗು. ತೊಟ್ಟಿಲು ತೂಗ್ದಂಗೆ."

"ಓ."

"ನಿಲ್ಲಿಸ್ಬೇಡ."

"ನಿಲ್ಸಿಲ್ಲ ಕಣಪ್ಪ. ನಿಮ್ಮ ತಾತನ ಕಾಲದ ರಾಗಿ ವಾಸ್ನೆ ಇಲ್ಲಿ."

ಅವನ ದನಿ ಚಪ್ಪಡಿಯ ಕೆಳಗಿನಿಂದ ಕೊಡದೊಳಗಿನ ಮಾತಿನಂತೆ ಬರುತ್ತಿತ್ತು. ನಾನು ಬಿಸಿಲಿನಲ್ಲಿ ಮಂಡಿಯೂರಿ, ಹಗ್ಗ ಕೈಗೆ ಸುತ್ತಿಕೊಂಡು ಕಿವಿಯನ್ನು ಕಲ್ಲಿಗೆ ಆನಿಸಿದ್ದೆ. ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ.

"ಏನಾದ್ರೂ ಬಂತಾ?"

"ಗೋಡೆ ಬತ್ತಾ ಐತೆ. ಕರ್ರಗೆ."

"ಸರಿ, ಬೆಳ್ಳಗಿರೋದು ಮೊದ್ಲು ಕರ್ರಗೆ ಬತ್ತದೆ. ತೂಗು."

"ರುಮಾಲು ಬಂತು." ಸ್ವಲ್ಪ ತಡೆದು, "ಕೆಳ್ಗೆ ಏನೂ ಇಲ್ಲ ಕಣ್ಲಾ. ರುಮಾಲು ಮಾತ್ರ ಐತೆ. ಮುಖ ಇಲ್ಲ."

"ಬತ್ತದೆ. ನಿಧಾನದ ಔಷಧಿ."

ಆಗ ನನಗೆ ಹೊಳೆಯಿತು: ತಂಪಿನಲ್ಲಿ ಆ ಔಷಧಿ ಇನ್ನೂ ನಿಧಾನವಾಗುತ್ತದೆ. ಸೆಕೆಯಿಂದ ತಪ್ಪಿಸಿಕೊಳ್ಳಲು ಹಗೇವು ಹುಡುಕಿದೆವು. ಹಗೇವು ಔಷಧಿಯನ್ನು ಹಿಡಿದುಕೊಂಡಿತು. ಸೋಡಾ ಹಾಕಿದ ಒರಟು ಔಷಧಿಯಾಗಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು.

"ದೀಪ ಸಣ್ಣಗಾಯ್ತಾ ಐತೆ," ಅಂದ.

"ಬತ್ತಿ ಏರ್ಸು."

"ಏರ್ಸ್ದೆ. ಬರ್ತಿಲ್ಲ."

ಎಣ್ಣೆ ತುಂಬಿಸಿದ್ದು ನಾನೇ. ಕಡಿಮೆಯಾದದ್ದು ಎಣ್ಣೆಯಲ್ಲ. ನಾವು ದೀಪ ಇಳಿಸಿ ನೋಡಿದ್ದು ಬಾಯಿ ತೆರೆದಿದ್ದಾಗ. ರಾಗಿ ತೆಗೆಯುವವನು ಬಾಯಿ ಮುಚ್ಚಿಕೊಂಡು ಒಳಗೆ ಕೂರುವುದಿಲ್ಲ, ಆದ್ದರಿಂದ ನಮ್ಮ ಹಿರಿಯರ ಕ್ರಮದಲ್ಲಿ ಅದಕ್ಕೆ ಪರೀಕ್ಷೆಯೇ ಇಲ್ಲ. ಈಗ ಒಳಗಿದ್ದ ಗಾಳಿಯನ್ನು ಅವನೂ ಲಾಂದ್ರವೂ ಹಂಚಿಕೊಂಡು ಉಸಿರಾಡುತ್ತಿದ್ದರು.

"ಹೈಪೊಗೆ ಹಾಕು. ಹಾಕಿ ಮೇಲಕ್ಕೆ ಬಾ."

"ಇನ್ನೂ ಮುಖ ಬಂದಿಲ್ಲ."

"ಬಂದಷ್ಟು ಬರ್ಲಿ. ಹಾಕು ಕಣೋ."

"ಇರು. ನಮ್ಮ ಅಬ್ಬಾದು ಗಡ್ಡ ಬಂತು. ಇರು."

"ಚಪ್ಪಡಿ ತೆಗೀತೀನಿ ನೋಡು."

"ತೆಗೆದ್ರೆ ಕೊಂದಾಕ್ತೀನಿ!" ಎಂದು ಕೂಗಿದ. ಆ ಕೂಗಿನಲ್ಲಿ ಜೀವವಿತ್ತು. ಅದರ ಮುಂದಿನದರಲ್ಲಿ ಇರಲಿಲ್ಲ. "ತಲೆ ಒಡೀತಾ ಐತೆ," ಎಂದದ್ದು ಹೆಚ್ಚುಕಡಿಮೆ ಅವನಿಗೇ ಹೇಳಿಕೊಂಡ ಹಾಗಿತ್ತು.

ನಾನು ಕೂಗಿದೆ. ಅವನು "ಓ" ಅಂದ. ಮತ್ತೆ ಕೂಗಿದೆ, "ಓ" ತಡವಾಗಿ ಬಂತು. ನನ್ನ ಕೈ ಚಪ್ಪಡಿಯ ಅಂಚಿನಲ್ಲಿತ್ತು. ಎತ್ತಿದರೆ ಅವನು ಬದುಕುತ್ತಾನೆ, ಬೆಳಕು ಬಿದ್ದು ಫಿಲ್ಮು ಪೂರ್ತಿ ಕಪ್ಪಾಗುತ್ತದೆ. ಅವನ ತಾಯಿ ಹಟ ಹಿಡಿದು ಕೇಳಿದ್ದು, ತಂದೆ ಮನಸ್ಸಿಲ್ಲದೆ ಕೊಟ್ಟುಹೋದದ್ದು ಅಲ್ಲಿಗೆ ಮುಗಿಯಿತು. ಎತ್ತದಿದ್ದರೆ. ಅದನ್ನು ಮುಂದಕ್ಕೆ ಯೋಚಿಸಲಾಗಲಿಲ್ಲ. ಮೂರನೆಯ ಸಲ ಕೂಗಿದೆ.

ಇಲ್ಲಿ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ, "ಹಾಕ್ದೆ" ಎಂಬ ಮಾತು ಸ್ಪಷ್ಟವಾಗಿ ಬಂತು, ಹೈಪೊ ಕೆಲಸ ಮಾಡಲೆಂದು ಇನ್ನೂ ಒಂದಿಷ್ಟು ಹೊತ್ತು ಹಲ್ಲು ಕಚ್ಚಿ ಕೂತೆ, ಆಮೇಲೆ ಚಪ್ಪಡಿ ಎತ್ತಿದೆ. ಇನ್ನೊಂದರಲ್ಲಿ ಏನೂ ಕೇಳಿಸಲಿಲ್ಲ, ಸುಮ್ಮನೆ ಎತ್ತಿದೆ. ಮೊದಲನೆಯದು ಹೆಚ್ಚು ವಿವರವಾಗಿದೆ. ಅದಕ್ಕೇ ಅದರ ಮೇಲೆ ನನಗೆ ಅನುಮಾನ.

ಹಗ್ಗ ಎಳೆದೆ, ಅವನೂ ಕಾಲು ಕೊಟ್ಟ. ಮೇಲೆ ಬಂದು ಬಿಸಿಲಿನಲ್ಲಿ ಅಂಗಾತ ಬಿದ್ದುಕೊಂಡ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಎದೆ ಕುಲುಮೆಯ ತಿದಿಯ ಹಾಗೆ ಏರಿಳಿಯುತ್ತಿತ್ತು. ವಾಂತಿ ಮಾಡಿದ. ಮುಖಕ್ಕೆ ನೀರು ಹಾಕಿದೆ. ಬೋಗುಣಿಗಳು ಕೆಳಗೇ ಇದ್ದವು. ನಾನು ಹಗ್ಗಕ್ಕೆ ಕೈ ಹಾಕಿದಾಗ ಮಲಗಿದ್ದಲ್ಲಿಂದಲೇ ನನ್ನ ಕಾಲು ಹಿಡಿದ.

"ನೀನು ಇಳೀಬೇಡ," ಅಂದ. "ಅಮ್ಮ ಅವ್ರೆ ಅದ್ರಾಗೆ."

ದೀಪ ಮತ್ತೆ ಉರಿಯುವಷ್ಟು ಗಾಳಿ ಆಡಿದ ಮೇಲೆ ಅವನೇ ಇಳಿದ. ಫಿಲ್ಮನ್ನು ಬಾವಿಕಟ್ಟೆಯ ಬಳಿ, ನನಗೆ ಬೆನ್ನು ಮಾಡಿ ಕೂತು, ಬಕೆಟ್ಟಿನಲ್ಲಿ ಬಹಳ ಹೊತ್ತು ಅಲಸಿದ. ನಾನು ಬೇಕೆಂದೇ ಮಂಡಿಯ ಹೆಂಚು ನೋಡುತ್ತ ನಿಂತೆ. ಒಮ್ಮೆ ಅವನು ಅದನ್ನು ಆಕಾಶಕ್ಕೆ ಹಿಡಿದದ್ದು ನೆರಳಿನಲ್ಲಿ ಗೊತ್ತಾಯಿತು. "ಬಂದೈತಾ?" ಎಂದೆ. ಅವನು ಅದನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ನಡೆದ, ನಾನು ಹಿಂದೆ ಹೋದೆ. ಜಗುಲಿಯ ಮೇಲೆ ಕೂತೆ. ಅವನು ಪರದೆ ಸರಿಸಿ ಒಳಗೆ ಹೋದ.

ಒಳಗಿನಿಂದ ಆ ತಾಯಿಯ ದನಿ: "ಯೇ ಕೌನ್ ರೇ?" ಯಾರೋ ಇದು, ಎಂದು. ಮಗ ಏನೋ ತಗ್ಗಿದ ದನಿಯಲ್ಲಿ ಹೇಳಿದ. ಆಮೇಲೆ ಆಕೆ ಒಂದು ಸದ್ದು ಮಾಡಿದರು. ನಗುವೂ ಆಗಿರಬಹುದು.

ಅದನ್ನು ಎಷ್ಟು ಬಗೆಯಲ್ಲಿ ಅರ್ಥ ಮಾಡಿಕೊಂಡಿದ್ದೇನೆಂದರೆ ನನಗೇ ಬೇಸರ. ತೊಳೆದ ಫಿಲ್ಮಿನಲ್ಲಿ ಬಿಳಿ ಗಡ್ಡ ಕಪ್ಪಾಗಿ ಕಾಣುತ್ತದೆ. ಮುದುಕರು ಹರೆಯದವರಾಗಿ ನಿಂತಿದ್ದಿರಬಹುದು, ಆಕೆಗೆ ಮದುವೆಯ ದಿನದ ಗುರುತು ಸಿಕ್ಕಿರಬಹುದು. ಅಥವಾ ರುಮಾಲಿನ ಕೆಳಗೆ ಯಾರೂ ಇರಲಿಲ್ಲ. ಅಥವಾ ಬರೀ ಕಪ್ಪು ಪಟ್ಟಿ ನೋಡಿ ಕೇಳಿದ್ದರು. ಸಾಹೇಬರು ಹಜ್ಜಿಗೆ ಹೋದಲ್ಲೇ ಮಣ್ಣಾದ ಸುದ್ದಿ ಬಂದ ಮೇಲೆ, ಕಾಗದಕ್ಕೆ ಅಚ್ಚು ಹಾಕಿಕೊಡಲೇ, ನಾನು ನೋಡುವುದಿಲ್ಲ, ನಿನ್ನ ಕೈಯಲ್ಲೇ ಹಾಕಿಸುತ್ತೇನೆ ಎಂದು ಗೆಳೆಯನನ್ನು ಕೇಳಿದೆ. "ಬೇಡ ಬುಡು," ಅಂದ. ಸಿಟ್ಟಿರಲಿಲ್ಲ. ಮುಂದೆ ಎಷ್ಟೋ ವರ್ಷ ಒಟ್ಟಿಗೆ ಕೂತು ಚಹಾ ಕುಡಿದೆವು, ಆ ಮಾತು ಬರಲಿಲ್ಲ.

ಫಿಲ್ಮಿನಲ್ಲಿ ಅವರಿಬ್ಬರ ಮುಖ ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.